ಗೋದಲಿಗೆ ಬಿತ್ತಿದ ರಾಗಿ

ಡಿಸೆಂಬರ್ 12 ಇಲ್ಲಾ 13ನೇ ತಾರೀಖು ರಾತ್ರಿ ರಾಗಿ ನೆನೆ ಹಾಕಬೇಕು. ಮುಂಚೆ ಹಾಕಿದರೆ ಹಬ್ಬದ ಹೊತ್ತಿಗೆ ಪೈರು ಉದ್ದ ಬೆಳೆದು ಮಲಗಿಬಿಡುತ್ತದೆ. ತಡ ಮಾಡಿದರೆ 24ರ ರಾತ್ರಿಗೆ ಬರೀ ಬಿಳಿ ಮೊಳಕೆ. ಇದು ನಮ್ಮ ಅಜ್ಜಿಯ ಲೆಕ್ಕ. ಓದು ಬರಹ ಬಾರದ ಅಜ್ಜಿಗೆ ಈ ಒಂದು ತಾರೀಖು ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ನೆನೆದ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಡುತ್ತಿದ್ದರು. ಮೊಳಕೆ ಒಡೆದ ಮೇಲೆ ಹಳೆಯ ಮಂಕರಿಗೆ ಮಣ್ಣು, ಪುಡಿ ಗೊಬ್ಬರ ತುಂಬಿ, ಮೇಲೆ ತೆಳ್ಳಗೆ ಹರಡಿ, ಒದ್ದೆ ಗೋಣಿಚೀಲ ಮುಚ್ಚುತ್ತಿದ್ದರು. ಮೂರು ದಿನ ಬಿಟ್ಟು ಗೋಣಿ ತೆಗೆದರೆ ಮಗುವಿನ ಕೂದಲಿನಂಥ ಎಳೆ ಹಳದಿ ಪೈರು. ಬಿಸಿಲಿಗೆ ಇಟ್ಟರೆ ಎರಡು ದಿನದಲ್ಲಿ ಹಸಿರು. ಅದೇ ನಮ್ಮ ಮನೆಯ ಗೋದಲಿಗೆ, ಅಂದರೆ ಕ್ರಿಸ್ಮಸ್‌ಗೆ ಕಟ್ಟುವ ಬೊಂಬೆ ಕೊಟ್ಟಿಗೆಗೆ, ಹುಲ್ಲುಗಾವಲು. ಯೇಸು ಹುಟ್ಟಿದ ಬೆತ್ಲೆಹೇಮ್ ಅಂದರೆ ಕನಕಪುರದ ಕಡೆ ಎಲ್ಲೋ ಇರುವ, ರಾಗಿ ಬೆಳೆಯುವ ಊರು ಎಂದು ನಾನು ತುಂಬಾ ದಿನ ನಂಬಿದ್ದೆ. ನಮ್ಮ ಹಳ್ಳಿಯೂ ಅದೇ ಕಡೆಯದು.

ಈಗ ನಾನಿರುವುದು ಬೆಂಗಳೂರಿನಲ್ಲಿ, ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಮಂಕರಿ ಹೋಗಿ ಪ್ಲಾಸ್ಟಿಕ್ ಟ್ರೇ ಬಂದಿದೆ. ಬಾಲ್ಕನಿಗೆ ಬಿಸಿಲು ಬೀಳುವುದು ದಿನಕ್ಕೆ ಎರಡೇ ಗಂಟೆ. ಹೋದ ವರ್ಷ ಪಕ್ಕದ ಮನೆಯ ಧಾರವಾಡದ ಅಕ್ಕ ಟ್ರೇ ನೋಡಿ, "ಇದೇನ್ರೀ, ನವರಾತ್ರಿಗೆ ನಾವು ಘಟಕ್ಕ ಹಾಕತೀವಲ್ಲ, ಹಂಗೇ ಅದ" ಅಂದರು. ಇದು ಕ್ರಿಸ್ಮಸ್‌ಗೆ ಅಂದೆ. "ಯಾಕ?" ಅಂದರು. "ದನ ತಿನ್ನೋಕೆ" ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ನಾನೂ ನಕ್ಕು ಒಳಗೆ ಬಂದೆ. ಆದರೆ ಬಾಯಿ ತಪ್ಪಿ ಬಂದ ಆ ಉತ್ತರ ಸರಿಯಾಗಿಯೇ ಇತ್ತು ಅಂತ ಆಮೇಲೆ ಅನ್ನಿಸತೊಡಗಿತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗೋದಲಿ ಅಂದರೆ ನಮ್ಮ ಚರ್ಚುಗಳಲ್ಲಿ ಬೆಳೆದವರಿಗೆ ಬಣ್ಣದ ಲೈಟು, ಥರ್ಮಾಕೋಲಿನ ಬೆಟ್ಟ, ಪ್ಲಾಸ್ಟರ್ ಬೊಂಬೆಗಳ ಪುಟ್ಟ ಮನೆ. ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುವ ಪದ ಅದು. ಆದರೆ ನಿಜವಾಗಿ ಗೋದಲಿ ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಮರದ್ದೋ ಕಲ್ಲಿನದೋ ಇರುತ್ತದೆ. ದನದ ನಾಲಿಗೆ ತಾಗಿ ತಾಗಿ ಅದರ ಅಂಚು ನುಣ್ಣಗಾಗಿರುತ್ತದೆ. ಒಳಗೆ ಜೊಲ್ಲು, ತಿಂದು ಬಿಟ್ಟ ಕಡ್ಡಿ, ನೊಣ. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಈ ಗೋದಲಿ ಮೂರು ಸಲ ಬರುತ್ತದೆ. ರಾತ್ರಿ ಕುರಿ ಕಾಯುತ್ತಿದ್ದ ಕುರುಬರಿಗೆ ದೇವದೂತ ಹೇಳುವ ಗುರುತು ಅದೇ: ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿರುವ ಮಗು. ನಕ್ಷತ್ರದ ಕಥೆ ಇರುವುದು ಮತ್ತಾಯನಲ್ಲಿ, ಅದು ದೂರದೇಶದ ಜ್ಞಾನಿಗಳಿಗೆ. ಕುರುಬರಿಗೆ ಸಿಕ್ಕಿದ್ದು ಮೇವಿನ ತೊಟ್ಟಿ. ಅವರಿಗೆ ಗೊತ್ತಿರುವ ಜಾಗ, ಹುಡುಕಲು ಯಾರನ್ನೂ ಕೇಳಬೇಕಿಲ್ಲ.

ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂಬ ಅರ್ಥವಿದೆ. ರೊಟ್ಟಿಯ ಮನೆ ಅನ್ನುವ ಊರು, ತಿನ್ನಲು ಹಾಕುವ ತೊಟ್ಟಿ, ಮುಂದೆ ದೊಡ್ಡವರಾದ ಮೇಲೆ 'ಜೀವದ ರೊಟ್ಟಿ ನಾನೇ' ಎನ್ನಲಿರುವ ಮಗು. ಕಥೋಲಿಕರಿಗೆ ಇದು ಸುಮ್ನೆ ಪದಗಳ ಆಟ ಆಗಲು ಸಾಧ್ಯವಿಲ್ಲ. ಯಾಕೆಂದರೆ ಕ್ರಿಸ್ಮಸ್ ರಾತ್ರಿ ಗೋದಲಿಯ ಮುಂದೆ ಕೈಮುಗಿದವರೇ ಹತ್ತು ಹೆಜ್ಜೆ ನಡೆದು ಪರಮಪ್ರಸಾದಕ್ಕೆ ಬಾಯಿ ತೆರೆಯುತ್ತೇವೆ. ಆ ತೆಳ್ಳನೆಯ ಅಪ್ಪದಲ್ಲಿ ಅದೇ ಕ್ರಿಸ್ತ ಇದ್ದಾರೆ ಎನ್ನುವುದು ನಮ್ಮ ನಂಬಿಕೆ. ಕ್ರಿಸ್ಮಸ್ ಎನ್ನುವ ಇಂಗ್ಲಿಷ್ ಪದಕ್ಕೂ 'ಕ್ರಿಸ್ತನ ಪೂಜೆ' ಎಂದೇ ಅರ್ಥ. ಕೇಕ್ ಇಲ್ಲದೆ ಹಬ್ಬ ಆಗುತ್ತದೆ, ಪೂಜೆ ಇಲ್ಲದೆ ಆಗುವುದಿಲ್ಲ. (ಈ ಮಾತನ್ನು ನನ್ನ ಮಗಳ ಮುಂದೆ ಹೇಳಬೇಡಿ.)

ನಮ್ಮ ಮನೆಯ ಗೋದಲಿ 24ರ ರಾತ್ರಿಯವರೆಗೂ ಖಾಲಿ. ಯೇಸುವಿನ ತಾಯಿ ಮರಿಯಮ್ಮ, ಅವರ ಗಂಡ ಜೋಸೆಫರು, ಎತ್ತು, ಕತ್ತೆ ಎಲ್ಲರೂ ಬಂದು ಸುತ್ತ ನಿಂತಿರುತ್ತಿದ್ದರು. ಮಗು ಮಾತ್ರ ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ನಡುವೆ. ಕುರುಬರ ಬೊಂಬೆಗಳು ಅಂಗಡಿಯವು, ಮೈತುಂಬ ಬಿಳಿ ನಿಲುವಂಗಿ. ಅಜ್ಜಿಗೆ ಅದು ಸರಿ ಬರುತ್ತಿರಲಿಲ್ಲ. ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ಹಾಕಿಸುತ್ತಾರೆ. ಡಿಸೆಂಬರ್ ಚಳಿಯಲ್ಲಿ ಕುರುಬರು ಬಯಲಲ್ಲೇ ಮಲಗುತ್ತಾರೆ. "ಈ ಬಟ್ಟೇಲಿ ಯಾವ ಕುರುಬ ಮಲಗ್ತಾನೆ?" ಎಂದು ಹಳೆ ಕಂಬಳಿಯ ಚೂರೊಂದನ್ನು ಕತ್ತರಿಸಿ ಒಬ್ಬನ ತಲೆಗೆ ಹೊದಿಸಿದ್ದರು. ಆ ಬೊಂಬೆ ಈಗಲೂ ನನ್ನ ಹತ್ತಿರ ಇದೆ, ಕಂಬಳಿ ಸಮೇತ.

ಖಾಲಿ ಗೋದಲಿಗೆ ಮಕ್ಕಳದ್ದು ಒಂದು ಕೆಲಸ. ಒಂದು ಒಳ್ಳೆ ಕೆಲಸಕ್ಕೆ ಒಂದು ಹುಲ್ಲುಕಡ್ಡಿ. ಅಮ್ಮ ಕರೆದ ತಕ್ಷಣ ಎದ್ದರೆ ಒಂದು ಕಡ್ಡಿ. ತಮ್ಮನಿಗೆ ಹೊಡೆಯದೆ ಬಿಟ್ಟರೆ ಒಂದು. ನಾಲ್ಕು ವಾರ ಹೀಗೆ ಸೇರಿಸಿದ ಹುಲ್ಲೇ ಮಗುವಿಗೆ ಹಾಸಿಗೆ. ಒಂದು ವರ್ಷ ನನ್ನಿಂದ ಒಳ್ಳೆಯತನ ಅಷ್ಟಾಗಿ ಹೊರಟಿರಲಿಲ್ಲ. 23ರ ಸಂಜೆ ಬಣವೆಯಿಂದ ಒಂದು ಹಿಡಿ ಹುಲ್ಲು ಕಿತ್ತು ಒಂದೇ ಸಲಕ್ಕೆ ತುಂಬಿಬಿಟ್ಟೆ. ಅಜ್ಜಿ ನೋಡಿದರು. ಬೈಯಲಿಲ್ಲ. "ಮಗೀಗೆ ಚುಚ್ಚದಂಗೆ ಹಾಕು" ಅಂದರು, ಅಷ್ಟೇ. ಆಮೇಲೆ ಎಷ್ಟೋ ಪಾಪನಿವೇದನೆ ಮಾಡಿದ್ದೇನೆ. ಯಾವುದೂ ಇಷ್ಟು ನೆನಪಿಲ್ಲ.

ಈ ನಾಲ್ಕು ವಾರಕ್ಕೆ ನಮ್ಮಲ್ಲಿ ಆಗಮನ ಕಾಲ ಎಂದು ಹೆಸರು. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಹಾಕುತ್ತಾರೆ. ಮೂರನೇ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶ ಇದೆ. ಭಾನುವಾರದ ಪೂಜೆಯಲ್ಲಿ ಎಂದಿನ ಮಹಿಮೆಯ ಗೀತೆ ಹಾಡುವುದಿಲ್ಲ, ಕೂಡಿಟ್ಟುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಇದೆಲ್ಲ ತಲೆಕೆಳಗು. ನವೆಂಬರ್ ಮುಗಿಯುವ ಮುಂಚೆಯೇ ಮಾಲ್‌ಗಳಲ್ಲಿ ಕ್ರಿಸ್ಮಸ್ ಶುರು. ಬ್ರಿಗೇಡ್ ರಸ್ತೆಯ ಲೈಟು ನೋಡಲು ಹೋಗುವವರಲ್ಲಿ ನಾನೂ ಒಬ್ಬಳು, ಸುಳ್ಳು ಯಾಕೆ ಹೇಳಲಿ. ಆದರೆ 26ಕ್ಕೆ ಅವರು ಮರ ಬಿಚ್ಚಿ ಡಬ್ಬಕ್ಕೆ ತುಂಬುತ್ತಾರೆ. ನಮಗೆ ಅವತ್ತು ಹಬ್ಬದ ಎರಡನೇ ದಿನ. ಕಾಯುವ ಕಾಲದಲ್ಲಿ ಹಬ್ಬ ಮಾಡಿ, ಹಬ್ಬದ ಕಾಲದಲ್ಲಿ ಸುಸ್ತಾಗಿ ಕೂರುವುದು ಈಗ ನಮ್ಮಲ್ಲೂ ಅಭ್ಯಾಸವಾಗಿದೆ.

ರಾತ್ರಿ ಪೂಜೆಗೆ ಬರೋಣ. ಎಲ್ಲರಿಗೂ ಗೊತ್ತಿರುವುದು ಹಾಡು, ಗಂಟೆ, ಹೊಸ ಬಟ್ಟೆ, ನಿದ್ದೆಗಣ್ಣಿನ ಮಕ್ಕಳು. ನನಗೆ ಆ ರಾತ್ರಿಯ ನಡುಗಂಬ ಅಂದರೆ ಬೇರೊಂದು ಗಳಿಗೆ. ಪ್ರಬೋಧನೆ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ನಾವು ಏನನ್ನು ನಂಬುತ್ತೇವೆ ಎಂದು ಒಟ್ಟಾಗಿ ಹೇಳುತ್ತೇವೆ. ವಿಶ್ವಾಸ ಸಂಗ್ರಹ. ಅದರಲ್ಲಿ ಒಂದು ಸಾಲು ಬರುತ್ತದೆ: ಪವಿತ್ರಾತ್ಮರ ಶಕ್ತಿಯಿಂದ, ಕನ್ಯೆ ಮರಿಯಮ್ಮನವರಲ್ಲಿ, ದೇವರ ಪುತ್ರ ಮನುಷ್ಯರಾದರು. ಬೇರೆ ದಿನ ಈ ಸಾಲಿಗೆ ತಲೆ ಬಾಗಿಸುತ್ತೇವೆ. ಡಿಸೆಂಬರ್ 25ಕ್ಕೆ ಮಂಡಿಯೂರುತ್ತೇವೆ. ವರ್ಷದಲ್ಲಿ ಇನ್ನೊಂದು ದಿನವೂ ಹೀಗೆ ಮಂಡಿಯೂರುವುದುಂಟು. ಅದು ಮಾರ್ಚ್ 25, ಸರಿಯಾಗಿ ಒಂಬತ್ತು ತಿಂಗಳ ಹಿಂದೆ, ಮರಿಯಮ್ಮನಿಗೆ ದೇವದೂತ ಸುದ್ದಿ ತಂದ ಹಬ್ಬ. ಗರ್ಭದ ಲೆಕ್ಕ ಪಕ್ಕಾ ಇದೆ.

ಅಜ್ಜಿಯ ಕಾಲದಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿ. ಆಗೆಲ್ಲ ಆ ಸಾಲು ಬಂದಾಗಲೆಲ್ಲ ಮಂಡಿಯೂರುತ್ತಿದ್ದರು, ಹಬ್ಬಕ್ಕೆ ಮಾತ್ರ ಅಲ್ಲ. ಅಜ್ಜಿಗೆ ಲ್ಯಾಟಿನ್ನಿನ ಒಂದು ಪದವೂ ಗೊತ್ತಿರಲಿಲ್ಲ. ಹಿಂದಿನವರು ಮಂಡಿಯೂರಿದರು, ಇವರೂ ಊರಿದರು. 1962ರಿಂದ 1965ರವರೆಗೆ ನಡೆದ ಕಥೋಲಿಕ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬಂತು. ಅಲ್ಲಿಯವರೆಗೆ ಏನನ್ನು ಕೇಳಿ ಮಂಡಿಯೂರುತ್ತಿದ್ದೆ ಎನ್ನುವುದು ಆಗ ಅಜ್ಜಿಗೆ ತಿಳಿಯಿತು. ಆದರೆ ಅದರ ಜೊತೆಗೇ ಮಂಡಿಯೂರುವುದು ವರ್ಷಕ್ಕೆ ಎರಡು ದಿನಕ್ಕೆ ಇಳಿಯಿತು. "ಅರ್ಥ ಆಗೋ ಹೊತ್ತಿಗೆ ಕಾಲು ಮಡಿಸೋದೇ ನಿಲ್ಲಿಸಿಬಿಟ್ರು" ಎಂದು ಕೊನೆಯವರೆಗೂ ಗೊಣಗುತ್ತಿದ್ದರು. ಎಂಬತ್ತರ ಹತ್ತಿರ ಬಂದಾಗ ಮಂಡಿ ನೋವು. ಆದರೂ ಕ್ರಿಸ್ಮಸ್ ರಾತ್ರಿ ನನ್ನ ಭುಜ ಹಿಡಿದು ಇಳಿಯುತ್ತಿದ್ದರು. ಆ ಸಾಲು ಹೇಳಿ ಮುಗಿಸಲು ಹತ್ತು ಸೆಕೆಂಡು. ಅಜ್ಜಿ ಇಳಿದು ಏಳುವಷ್ಟರಲ್ಲಿ ಜನ ಶಿಲುಬೆ, ಸಾವು, ಪುನರುತ್ಥಾನ ಎಲ್ಲ ಮುಗಿಸಿ ಪವಿತ್ರಾತ್ಮರವರೆಗೆ ಹೋಗಿರುತ್ತಿದ್ದರು.

ಆ ಒಂದು ಸಾಲಿಗೆ ಯಾಕಿಷ್ಟು? 325ರಲ್ಲಿ ನಿಸೇಯ ಎಂಬ ಊರಿನಲ್ಲಿ ಬಿಷಪ್ಪರೆಲ್ಲ ಸೇರಿ ತೀರ್ಮಾನಿಸಿದ್ದು ಇದೇ ಜಗಳವನ್ನು. ಯೇಸು ದೇವರೋ, ದೇವರು ಸೃಷ್ಟಿಸಿದ ದೊಡ್ಡ ಜೀವಿಯೋ? ನಿಜವಾಗಿ ದೇವರು ಎಂದರು. ಹಾಗಾದರೆ ಅವರ ಹಸಿವು, ಅಳು, ಸಾವು ತೋರಿಕೆಯೋ ಎನ್ನುವ ಪ್ರಶ್ನೆಯೂ ಇತ್ತು. ಅಲ್ಲ, ಅದೂ ನಿಜ. ಎರಡರಲ್ಲಿ ಒಂದನ್ನು ಬಿಟ್ಟರೆ ತಲೆಗೆ ಸುಲಭ. ಚರ್ಚು ಸುಲಭ ಮಾಡಲಿಲ್ಲ.

ಪೂಜೆಯಲ್ಲಿ ಜಾಸ್ತಿ ಜನ ಗಮನಿಸದ ಇನ್ನೊಂದು ಸಣ್ಣ ಕ್ರಿಯೆ ಇದೆ. ದ್ರಾಕ್ಷಾರಸದ ಪಾತ್ರೆಗೆ ಗುರುಗಳು ಒಂದೆರಡು ಹನಿ ನೀರು ಬಿಡುತ್ತಾರೆ. ಬಿಡುವಾಗ ಮೆಲುದನಿಯಲ್ಲಿ ಒಂದು ಪ್ರಾರ್ಥನೆ. ನಮ್ಮ ಮಾನವ ಸ್ವಭಾವದಲ್ಲಿ ಪಾಲು ತೆಗೆದುಕೊಳ್ಳಲು ತಮ್ಮನ್ನು ತಗ್ಗಿಸಿಕೊಂಡ ಕ್ರಿಸ್ತನ ದೈವತ್ವದಲ್ಲಿ ನಾವೂ ಪಾಲುಗಾರರಾಗಲಿ ಎನ್ನುವುದು ಅದರ ಅರ್ಥ. ಈ ಪ್ರಾರ್ಥನೆಯ ಮೂಲ ಹಳೆಯ ಕ್ರಿಸ್ಮಸ್ ಪ್ರಾರ್ಥನೆ. ಅಂದರೆ ಮೇ ತಿಂಗಳ ಯಾವುದೋ ಮಂಗಳವಾರ ಬೆಳಗಿನ ಪೂಜೆಯಲ್ಲೂ, ಆರೇ ಜನ ಕೂತಿದ್ದರೂ, ಆ ಎರಡು ಹನಿಯಲ್ಲಿ ಕ್ರಿಸ್ಮಸ್ ಇರುತ್ತದೆ. ರಸಕ್ಕೆ ಬಿದ್ದ ನೀರನ್ನು ಮತ್ತೆ ಬೇರೆ ಮಾಡಲು ಆಗುವುದಿಲ್ಲ, ಅಲ್ವಾ? ದೇವರು ಹಾಗೆ ನಮ್ಮೊಡನೆ ಕಲೆತುಹೋಗಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಆಫೀಸಿನಲ್ಲಿ ಒಬ್ಬ ಗೆಳತಿ ಕೇಳಿದ್ದಳು, "ನಿಮ್ಮ ಯೇಸುವೂ ಒಂದು ಅವತಾರ ತಾನೇ? ನಮ್ಮ ಕೃಷ್ಣನೂ ಮಧ್ಯರಾತ್ರಿ ಹುಟ್ಟಿದ್ದು. ನಾವೂ ತೊಟ್ಟಿಲು ಕಟ್ಟುತ್ತೇವೆ." ಪ್ರಶ್ನೆ ಪ್ರೀತಿಯದು. ಪದವೂ ಹೊರಗಿನದಲ್ಲ. ಹಳೆಯ ಕನ್ನಡ ಬೈಬಲಿನ ಯೋವಾನ್ನನ ಭಾಗದಲ್ಲಿ 'ನರಾವತಾರ' ಎಂಬ ಪದವೇ ಇದೆ. ಅವತ್ತು ಊಟದ ಬಿಡುವಿನಲ್ಲಿ ಏನೋ ತಡವರಿಸಿ ಹೇಳಿದೆ. ಈಗ ಕೇಳಿದರೆ ಹೀಗೆ ಹೇಳುತ್ತಿದ್ದೆ. ಕೃಷ್ಣ ಹುಟ್ಟಿದಾಗ ಸೆರೆಮನೆಯ ಬಾಗಿಲು ತಾನಾಗಿ ತೆರೆಯುತ್ತದೆ, ಯಮುನೆ ದಾರಿ ಬಿಡುತ್ತದೆ, ಯಶೋದೆಗೆ ಮಗನ ಬಾಯಲ್ಲಿ ಬ್ರಹ್ಮಾಂಡ ಕಾಣುತ್ತದೆ. ಅದರ ಸೊಬಗೇ ಬೇರೆ. ಬೆತ್ಲೆಹೇಮಿನಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ. ಛತ್ರದಲ್ಲಿ ಜಾಗ ಸಿಗಲಿಲ್ಲ. ಮರಿಯಮ್ಮ ಮಗುವಿನ ಬಾಯಿ ತೆರೆದು ನೋಡಿದ್ದರೆ ಹಲ್ಲಿಲ್ಲದ ವಸಡು ಕಾಣುತ್ತಿತ್ತು. ಆಮೇಲೆ ನಜರೇತಿನಲ್ಲಿ ಸುಮಾರು 30 ವರ್ಷ ಬಡಗಿಯ ಮಗನಾಗಿ ಬದುಕು. ಹನ್ನೆರಡನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಉಳಿದುಬಿಟ್ಟ ಪ್ರಸಂಗ ಬಿಟ್ಟರೆ ಆ ವರ್ಷಗಳಲ್ಲಿ ಬರೆದಿಡುವಂಥದ್ದೇನೂ ನಡೆದಂತೆ ಶುಭಸಂದೇಶ ಹೇಳುವುದಿಲ್ಲ. ಜೊತೆಗೆ ನಮ್ಮ ನಂಬಿಕೆ ಏನೆಂದರೆ ಇದು ಒಂದೇ ಸಲ ನಡೆದದ್ದು, ಮತ್ತು ಕೆಲಸ ಮುಗಿದ ಮೇಲೆ ಯೇಸು ಆ ದೇಹವನ್ನು ಕಳಚಿಡಲಿಲ್ಲ. ಪುನರುತ್ಥಾನದ ನಂತರವೂ ಅದೇ ದೇಹ, ಗಾಯದ ಗುರುತು ಸಮೇತ. ಯಾವುದು ದೊಡ್ಡದು ಎನ್ನುವ ಮಾತಲ್ಲ ಇದು. ಗೆಳತಿ ಕೇಳಿದ್ದಕ್ಕೆ ನನ್ನ ಮನೆಯ ಕಥೆ ಹೇಳಿದೆ, ಅಷ್ಟೇ.

ಇದನ್ನೆಲ್ಲ ನಾನು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಮೈಗೆ ಇಳಿದದ್ದು ಮಗಳು ಹುಟ್ಟಿದ ವರ್ಷ. ಡಿಸೆಂಬರ್ ಮೊದಲ ವಾರದಲ್ಲಿ ಹುಟ್ಟಿದಳು. ಬಾಣಂತನಕ್ಕೆ ಊರಿನಲ್ಲಿದ್ದೆ. ಕ್ರಿಸ್ಮಸ್ ರಾತ್ರಿ ಎಲ್ಲರೂ ಪೂಜೆಗೆ ಹೊರಟರು. ಬಾಣಂತಿಯನ್ನು ಒಬ್ಬಳೇ ಬಿಡಬಾರದೆಂದು ಅಮ್ಮ ಉಳಿದರು, ಉಳಿದು ನಿದ್ದೆ ಹೋದರು. ಹುಟ್ಟಿದ ಮೇಲೆ ನಾನು ರಾತ್ರಿ ಪೂಜೆ ತಪ್ಪಿಸಿಕೊಂಡದ್ದು ಅದೇ ಮೊದಲು. ಅಳು ಬರುವಷ್ಟು ಬೇಜಾರು. ಹೊರಗೆ ಇಬ್ಬನಿ ಸುರಿಯುತ್ತಿತ್ತು. ಅಂಗಳದಲ್ಲಿ ಅವರೆಕಾಯಿ ಸಿಪ್ಪೆಯ ಸೊಗಡು. ನಾಳೆಯ ಸಾರಿಗೆ ಸಂಜೆಯೆಲ್ಲ ಹೆಂಗಸರು ಕೂತು ಅವರೆ ಹಿತುಕಿದ್ದರು.

ಮಗು ಎದ್ದು ಅಳತೊಡಗಿತು. ಎತ್ತಿಕೊಂಡೆ. ಮೂರು ವಾರದ ಮಗುವನ್ನು ಎತ್ತಿಕೊಳ್ಳುವುದು ಗೊತ್ತಲ್ಲ? ಒಂದು ಕೈ ಕತ್ತಿನ ಕೆಳಗೆ ಇರಲೇಬೇಕು. ಕತ್ತು ನಿಂತಿರುವುದಿಲ್ಲ. ಸ್ವಲ್ಪ ಮೈಮರೆತರೆ ತಲೆ ಹಿಂದಕ್ಕೆ ಬಿದ್ದುಬಿಡುತ್ತದೆ. ಅಷ್ಟರಲ್ಲಿ ಚರ್ಚಿನ ಗಂಟೆ ಬಡಿಯತೊಡಗಿತು, ನಿಲ್ಲಿಸದೆ. ನಾಲ್ಕು ವಾರ ಕೂಡಿಟ್ಟ ಮಹಿಮೆಯ ಗೀತೆ ಶುರುವಾಗಿದೆ ಎಂದು ಅರ್ಥ. ನನಗೆ ಒಂದೇ ಯೋಚನೆ ಬಂತು. ಅವರಿಗೂ ಕತ್ತು ನಿಂತಿರಲಿಲ್ಲ. ಲೋಕವನ್ನು ಹಿಡಿದು ನಿಲ್ಲಿಸಿರುವವರಿಗೆ ತಮ್ಮ ತಲೆಯನ್ನೇ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಒಂದು ಹುಡುಗಿಯ ಅಂಗೈ ಜಾರಿದ್ದರೆ ಮುಗಿಯಿತು. ದೇವರು ತಗ್ಗಿ ಬಂದರು ಎಂದು ಎಷ್ಟು ಪ್ರಬೋಧನೆ ಕೇಳಿದ್ದೆ! ಎಷ್ಟು ತಗ್ಗಿದರು ಎನ್ನುವುದರ ಅಳತೆ ಆ ರಾತ್ರಿ ನನ್ನ ಅಂಗೈಗೆ ಸಿಕ್ಕಿತು. 431ರಲ್ಲಿ ಎಫೆಸದ ಮಹಾಸಭೆ ಮರಿಯಮ್ಮನನ್ನು 'ದೇವಮಾತೆ' ಎಂದೇ ಕರೆಯಬೇಕು ಎಂದಿತು. ಜನವರಿ 1 ನಮಗೆ ಆ ಹೆಸರಿನ ಹಬ್ಬ. ಹೊಸ ವರ್ಷದ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ. ದೇವರಿಗೆ ತಾಯಿ, ಅಂದರೆ ದೇವರಿಗೆ ಹಾಲುಣಿಸಿ, ತೇಗಿಸಿ, ಬಟ್ಟೆ ಬದಲಿಸಿದವರು. ಆ ಪದ ಕಿವಿಗೆ ಚುಚ್ಚಬೇಕು. ನಮಗೆ ರೂಢಿಯಾಗಿ ಚುಚ್ಚುವುದಿಲ್ಲ.

ಅಜ್ಜಿ ಪೂಜೆ ಮುಗಿಸಿ ಬಂದಾಗ ಕೈ ಐಸಿನ ಹಾಗೆ. ಒಲೆಯ ಕೆಂಡಕ್ಕೆ ಕೈ ಕಾಯಿಸಿಕೊಂಡು ಮೊದಲು ನನ್ನ ಮಗಳನ್ನು ಮುಟ್ಟಿದರು. ಆಮೇಲೆ ಟ್ರಂಕು ತೆಗೆದು, ಸೀರೆಯೊಳಗಿಂದ ಬಾಲಯೇಸುವಿನ ಬೊಂಬೆ ತೆಗೆದರು. ಗೇಣುದ್ದದ ಪ್ಲಾಸ್ಟರ್ ಬೊಂಬೆ, ಎಡಗೈಯ ಎರಡು ಬೆರಳು ಹೋಗಿವೆ. ಅದನ್ನು ಗೋದಲಿಗೆ ಇಡುವಾಗ ನಾನು ನೋಡುತ್ತಿದ್ದೆ. ಗಟ್ಟಿ ಪ್ಲಾಸ್ಟರ್, ಕತ್ತು ಎಲ್ಲಿಗೂ ಹೋಗುವುದಿಲ್ಲ. ಆದರೂ ಅಜ್ಜಿಯ ಒಂದು ಕೈ ಅದರ ಕತ್ತಿನ ಕೆಳಗಿತ್ತು.

ಚರ್ಚಿನಲ್ಲೂ ಪೂಜೆ ಮುಗಿದ ಮೇಲೆ ಸಾಲಾಗಿ ಹೋಗಿ ಬಾಲಯೇಸುವಿನ ಪಾದಕ್ಕೆ ಮುತ್ತಿಡುತ್ತೇವೆ. ಹಳ್ಳಿಯಲ್ಲಿ ಮುತ್ತಿಡುವವರು ಕಡಿಮೆ. ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರೇ ಜಾಸ್ತಿ. ಯಾರೂ ಹೇಳಿಕೊಟ್ಟದ್ದಲ್ಲ. ಕೊರೊನಾ ವರ್ಷಗಳಲ್ಲಿ ಮುಟ್ಟುವುದೇ ನಿಂತು ದೂರದಿಂದ ಕೈಮುಗಿದು ಬಂದೆವು. ಆಗ ಏನೋ ಅರ್ಧಕ್ಕೇ ನಿಂತ ಹಾಗೆ ಅನ್ನಿಸಿತು. ಮುಟ್ಟಲು ಸಿಗಲಿ ಎಂದೇ ಬಂದವರನ್ನು ದೂರದಿಂದ ನೋಡಿ ಬರುವುದು.

ಗೋದಲಿ ಕಟ್ಟುವ ಪದ್ಧತಿಗೆ ಎಲ್ಲರೂ ನೆನೆಯುವುದು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ. ಕೆಲವು ದಿನ ಮುಂಚೆಯೇ ಅಲ್ಲಿನ ಪರಿಚಯದವರೊಬ್ಬರಿಗೆ ಹೇಳಿ ತಯಾರಿ ಮಾಡಿಸಿದರು. ಮಗು ಎಷ್ಟು ಕಷ್ಟದಲ್ಲಿ ಹುಲ್ಲಿನ ಮೇಲೆ ಮಲಗಿತ್ತು ಎನ್ನುವುದನ್ನು ಕಣ್ಣಾರೆ ನೋಡಬೇಕು ಎನ್ನುವುದು ಅವರ ಆಸೆ. ಅಲ್ಲಿ ಬೊಂಬೆಗಳಿರಲಿಲ್ಲ. ನಿಜವಾದ ಎತ್ತು, ನಿಜವಾದ ಕತ್ತೆ, ಗೋದಲಿ ತುಂಬ ಒಣಹುಲ್ಲು. ಅದರ ಮೇಲೆಯೇ ಪೂಜೆ ನಡೆಯಿತು. ಫ್ರಾನ್ಸಿಸರು ಗುರುಗಳಾಗಿರಲಿಲ್ಲ, ಉಪಯಾಜಕರು. ಶುಭಸಂದೇಶ ಹಾಡಿ ಪ್ರಬೋಧನೆ ಮಾಡಿದರು. ಮೇವಿನ ತೊಟ್ಟಿಯ ಮೇಲೆ ಪರಮಪ್ರಸಾದ! ಹುಲ್ಲಿಗೂ ರೊಟ್ಟಿಗೂ ಇರುವ ನೆಂಟಸ್ತನ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎತ್ತು ಕತ್ತೆಗಳು ಶುಭಸಂದೇಶದ ಜನನದ ಕಥೆಯಲ್ಲಿ ಇಲ್ಲವೇ ಇಲ್ಲ. ಅವು ಬಂದದ್ದು ಪ್ರವಾದಿ ಯೆಶಾಯನ ಮೊದಲ ಅಧ್ಯಾಯದಿಂದ: ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೇ ಗೊತ್ತಿಲ್ಲ. ಗೋದಲಿಯ ಪಕ್ಕ ಆ ಎರಡು ಮೂಕಪ್ರಾಣಿಗಳು ನಿಂತಿರುವುದು ಚಂದಕ್ಕಲ್ಲ. ಅದು ನಮಗೆ ಸ್ವಲ್ಪ ಬೈಗುಳ.

ಫ್ರಾನ್ಸಿಸರ ಮೊದಲ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಆ ರಾತ್ರಿಯ ಬಗ್ಗೆ ಇನ್ನೊಂದು ವಿಷಯ ಹೇಳುತ್ತಾನೆ. ಹಬ್ಬ ಮುಗಿದ ಮೇಲೆ ಆ ಹುಲ್ಲನ್ನು ಜನ ಎಸೆಯಲಿಲ್ಲ. ಕಾಯಿಲೆ ಬಿದ್ದ ದನಗಳು ಅದನ್ನು ತಿಂದು ಗುಣವಾದವಂತೆ. ಹೆರಿಗೆ ಕಷ್ಟವಾದ ಹೆಂಗಸರ ಮೈಮೇಲೆ ಇಟ್ಟರೆ ಸುಲಭವಾಗಿ ಹೆರಿಗೆಯಾಗುತ್ತಿತ್ತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಇಷ್ಟವಾದದ್ದು ಹಬ್ಬದ ಹುಲ್ಲು ಕೊನೆಗೆ ಎಲ್ಲಿಗೆ ಹೋಯಿತು ಎನ್ನುವುದು.

ಹಬ್ಬದ ಕತ್ತಲೆ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. 25ಕ್ಕೆ ಬಿಳಿ ಪೂಜಾವಸ್ತ್ರ, ಮಾರನೇ ದಿನವೇ ಕೆಂಪು. 26 ಕಲ್ಲೆಸೆತಕ್ಕೆ ಸತ್ತ ಸಂತ ಸ್ತೇಫನರ ಹಬ್ಬ. 28 ರಾಜ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಎಳೆ ಮಕ್ಕಳದ್ದು. ತಿಂದ ಕಜ್ಜಾಯ ಇನ್ನೂ ಅರಗಿರುವುದಿಲ್ಲ, ಆಗಲೇ ಮಗುವನ್ನು ಎತ್ತಿಕೊಂಡು ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಓಡಬೇಕು. ದೇಹ ತೆಗೆದುಕೊಂಡವರಿಗೆ ದೇಹದ ಕಷ್ಟವೂ ತಪ್ಪುವುದಿಲ್ಲ. ಬಟ್ಟೆ ಸುತ್ತಿ ಮಲಗಿಸುವುದು ಗೋದಲಿಯಲ್ಲೂ ಇದೆ, ಸಮಾಧಿಯಲ್ಲೂ ಇದೆ.

ಜನವರಿ ಮೊದಲಲ್ಲಿ ಜ್ಞಾನಿಗಳ ಹಬ್ಬ. ಅಜ್ಜಿಯ ಬಾಯಲ್ಲಿ ಮೂರು ರಾಯರ ಹಬ್ಬ. ಅವರು ರಾಜರೆಂದೂ ಮೂವರೆಂದೂ ಮತ್ತಾಯ ಬರೆದಿಲ್ಲ. ಕಾಣಿಕೆ ಮೂರು ಇದ್ದದ್ದರಿಂದ ಬಂದ ಲೆಕ್ಕ ಅದು. ಚಿನ್ನ ರಾಜನಿಗೆ, ಧೂಪ ದೇವರಿಗೆ, ಹೆಣಕ್ಕೆ ಪೂಸುತ್ತಿದ್ದ ರಕ್ತಬೋಳ ಸಾಯುವ ಮನುಷ್ಯನಿಗೆ ಎಂದು ಉಪದೇಶಿಗಳು ನಮಗೆ ಕಲಿಸಿದ್ದರು. ಆ ವರ್ಷ ನನ್ನ ಮಗಳಿಗೆ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿಯುತ್ತಾ ಅಜ್ಜಿ ಹೇಳಿದ್ದು ಬೇರೆ. "ಪಾಪ, ಮರಿಯಮ್ಮನಿಗೆ ಕೊಟ್ಟಿಗೇಲಿ ಬಾಣಂತನ. ಮೂರು ರಾಯರು ಧೂಪ ತಂದಿದ್ದು ಒಳ್ಳೇದೇ ಆಯ್ತು. ಮಗೀಗೆ ಎರೆದ ಮೇಲೆ ಹೊಗೆ ಹಾಕೋಕಾಯ್ತು." ಧರ್ಮಶಾಸ್ತ್ರ ಓದಿದ ನನ್ನ ಚಿಕ್ಕಪ್ಪ ಅಲ್ಲೇ ಕೂತಿದ್ದರು. ತಿದ್ದಲು ಬಾಯಿ ತೆರೆದು, ಸುಮ್ಮನಾದರು.

ಆ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚುವುದು. ಬೊಂಬೆಗಳಿಗೆ ಹಳೆ ಪೇಪರು ಸುತ್ತಬೇಕು, ಮಗು ಸೀರೆಗಳ ನಡುವೆ ಹೋಗಬೇಕು. ಮಂಕರಿಯ ರಾಗಿ ಪೈರು ಅಷ್ಟರಲ್ಲಿ ಗೇಣುದ್ದವಾಗಿ ತುದಿ ಹಳದಿಗೆ ತಿರುಗಿರುತ್ತಿತ್ತು. ಅಜ್ಜಿ ಅದನ್ನು ಬೇರು ಸಮೇತ ಎತ್ತಿ, ಮಣ್ಣು ಕೊಡವಿ, ಹಿತ್ತಲ ಕೊಟ್ಟಿಗೆಗೆ ಒಯ್ದು ಹಸುವಿನ ಮುಂದೆ ಹಾಕುತ್ತಿದ್ದರು. ಗ್ರೆಚ್ಚೊದ ಕಥೆ ಅವರು ಕೇಳಿದವರಲ್ಲ.

ಅಜ್ಜಿ ಇಲ್ಲದೆ ಈಗ ಒಂಬತ್ತು ವರ್ಷ. ನಮ್ಮ ರಸ್ತೆಯ ಕೊನೆಯಲ್ಲಿ ಖಾಲಿ ಸೈಟಿನಲ್ಲಿ ಶೀಟು ಹಾಕಿಕೊಂಡು ಒಬ್ಬರು ಮೂರು ಹಸು ಸಾಕಿದ್ದಾರೆ. ಈ ಜನವರಿಯಲ್ಲಿ ಟ್ರೇ ಹಿಡಿದುಕೊಂಡು ಮಗಳ ಜೊತೆ ಅಲ್ಲಿಗೆ ಹೋದೆ. "ಏನಮ್ಮಾ ಇದು?" ಅಂದರು. ರಾಗಿ ಪೈರು, ಹಬ್ಬಕ್ಕೆ ಬೆಳೆಸಿದ್ದು ಅಂದೆ. ಅವರು ಹೆಚ್ಚು ಕೇಳಲಿಲ್ಲ, ಅರ್ಧ ಕೊಯ್ದ ಪ್ಲಾಸ್ಟಿಕ್ ಡ್ರಮ್ಮು ತೋರಿಸಿದರು. ಅದೇ ಅಲ್ಲಿಯ ಗೋದಲಿ. ಮಗಳು ಪೈರನ್ನು ಅದಕ್ಕೆ ಹಾಕಿದಳು. ಕೆಂದ ಹಸು ಒಮ್ಮೆ ಮೂಸಿ, ನಾಲಿಗೆ ಹೊರಳಿಸಿ, ಎರಡೇ ತುತ್ತಿಗೆ ಮುಗಿಸಿತು. ಆಮೇಲೆ ಖಾಲಿ ಟ್ರೇಯನ್ನೂ ನೆಕ್ಕಿತು.